ಕಾಣದುದರ ಸಾಕ್ಷ್ಯ: ಕಾಲಜ್ಞಾನದ ಸೀಮೆ ಮತ್ತು ಉತ್ತರ ಕರ್ನಾಟಕದ ಕ್ರೈಸ್ತ ನಂಬಿಕೆ

ಭೀಮಾ ನದಿಯ ಪೂರ್ವಕ್ಕೆ ಯಾದಗಿರಿ, ಸೈದಾಪುರ, ಕಡೇಚೂರುಗಳ ಸೀಮೆ. ಪಶ್ಚಿಮಕ್ಕೆ ಶಹಾಪುರ, ಸುರಪುರ, ಅಲ್ಲಿಂದಾಚೆ ಕೃಷ್ಣೆಯ ಕಡೆಗೆ ಕೊಡೇಕಲ್ಲು ಮತ್ತು ತಿಂಥಣಿ. 2009-10ರಲ್ಲಿ ಕಲಬುರಗಿಯಿಂದ ಬೇರ್ಪಟ್ಟು ಯಾದಗಿರಿ ಜಿಲ್ಲೆಯಾಗಿ ರೂಪುಗೊಂಡ ಈ ಪ್ರದೇಶದ ಧಾರ್ಮಿಕ ಇತಿಹಾಸವನ್ನು ಕುರಿತ ಬರವಣಿಗೆಯಲ್ಲಿ ಶರಣರು, ಅವಧೂತರು ಮತ್ತು ಸೂಫಿಗಳಿಗೆ ದೊರೆತ ಸ್ಥಾನ ದೊಡ್ಡದು. ಕ್ರೈಸ್ತರ ವಿಚಾರ ಬಂದಾಗ ಶಾಲೆ, ಆಸ್ಪತ್ರೆ, ಮತಾಂತರಗಳ ಒಂದೆರಡು ಮಾತಿನಲ್ಲಿ ವಿವರಣೆ ಮುಗಿಯುತ್ತದೆ. ಆದರೆ ಒಂದು ಪ್ರಶ್ನೆಯ ಮಟ್ಟಿಗೆ ಈ ಎರಡು ಇತಿಹಾಸಗಳು ಒಂದನ್ನೊಂದು ಮುಟ್ಟುತ್ತವೆ. ಕಣ್ಣೆದುರು ಸಾಕ್ಷ್ಯವಿಲ್ಲದಾಗ ಮನುಷ್ಯನು ದೇವರ ಮಾತಿನ ಮೇಲೆ ಭಾರ ಹಾಕುವುದು ಹೇಗೆ, ಮತ್ತು ಆ ಮಾತು ನೆರವೇರದೆ ಹೋದಾಗ ಉಳಿಯುವುದು ಏನು ಎಂಬುದೇ ಆ ಪ್ರಶ್ನೆ.

ಕ್ರೈಸ್ತ ಧರ್ಮಗ್ರಂಥದಲ್ಲಿ ನಂಬಿಕೆಯನ್ನು ವ್ಯಾಖ್ಯಾನಿಸುವ ಪ್ರಸಿದ್ಧ ಭಾಗವಿರುವುದು ಇಬ್ರಿಯರಿಗೆ ಬರೆದ ಪತ್ರಿಕೆಯ ಹನ್ನೊಂದನೆಯ ಅಧ್ಯಾಯದ ಆರಂಭದಲ್ಲಿ. ಅಲ್ಲಿ ಬಳಕೆಯಾಗಿರುವ ಗ್ರೀಕ್ ಪದಗಳು ಎರಡು: ಒಂದು 'ಹುಪೋಸ್ಟಾಸಿಸ್', ಅಂದರೆ ಕೆಳಗಿದ್ದು ಹೊರುವ ಆಧಾರ, ಇನ್ನೊಂದು 'ಎಲೆಂಖೋಸ್', ಅಂದರೆ ವಾದದಲ್ಲಿ ಮುಂದಿಡುವ ರುಜುವಾತು. ಕಾಣದ ವಸ್ತುಗಳ ಬಗೆಗೆ ನಂಬಿಕೆಯೇ ರುಜುವಾತಿನ ಸ್ಥಾನದಲ್ಲಿ ನಿಲ್ಲುತ್ತದೆ ಎಂಬುದು ಅಲ್ಲಿನ ತಾತ್ಪರ್ಯ. ಇದು ಸುಲಭದ ಮಾತಲ್ಲ. ಅದೇ ಅಧ್ಯಾಯವು ಹೇಬೆಲನಿಂದ ಅಬ್ರಹಾಮ, ಸಾರಾ, ಮೋಶೆಯವರೆಗೆ ನಂಬಿದವರ ದೊಡ್ಡ ಪಟ್ಟಿಯನ್ನು ಕೊಟ್ಟು, ಅವರು ವಾಗ್ದಾನದ ಫಲವನ್ನು ಕೈಗೆ ಪಡೆಯದೆ, ದೂರದಿಂದ ಮಾತ್ರ ನೋಡಿ ಸತ್ತರೆಂದು ಹೇಳುತ್ತದೆ. ನಂಬಿದ್ದರಿಂದ ಫಲ ದೊರೆಯಿತು ಎಂಬುದು ಈ ಅಧ್ಯಾಯದ ವಾದವಲ್ಲ. ಫಲ ದೊರೆಯದಿದ್ದರೂ ಅವರು ನಂಬಿದರು ಎಂಬುದೇ ವಾದ. ಉತ್ತರ ಕರ್ನಾಟಕಕ್ಕೆ ಬಂದ ಮಿಷನರಿಗಳು ಈ ಅಧ್ಯಾಯವನ್ನು ಚೆನ್ನಾಗಿ ಓದಿದವರು. ಆದರೂ ಅದರ ಕೊನೆಯ ಭಾಗ ಅವರಿಗೆ ಅರ್ಥವಾಗಲು ಒಂದು ಕಹಿಯಾದ ಅನುಭವ ಬೇಕಾಯಿತು.

ಕನ್ನಡದಲ್ಲಿ ಈ ವಿಚಾರಕ್ಕೆ ಮಾತು ಹುಡುಕುವ ಕೆಲಸ ಬಳ್ಳಾರಿಯಲ್ಲಿ ಆರಂಭವಾಯಿತು. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಅಲ್ಲಿ ನೆಲೆಸಿದನು. ಎರಡು ದಶಕಗಳ ದುಡಿಮೆಯ ಫಲವಾಗಿ 1831ರ ವೇಳೆಗೆ ಕನ್ನಡದಲ್ಲಿ ಸಂಪೂರ್ಣ ಬೈಬಲ್ ಸಿದ್ಧವಾಯಿತು. ಅವನ ಸಹವರ್ತಿ ವಿಲಿಯಂ ರೀವ್ ಇದೇ ಅವಧಿಯಲ್ಲಿ, 1824 ಮತ್ತು 1832ರಲ್ಲಿ, ಎರಡು ನಿಘಂಟುಗಳನ್ನು ಹೊರತಂದನು. ಮುಂದೆ ಕನ್ನಡ ಕ್ರೈಸ್ತರಲ್ಲಿ ಪ್ರಾಟೆಸ್ಟಂಟರು 'ನಂಬಿಕೆ' ಎಂಬ ಪದವನ್ನೂ ಕಥೋಲಿಕರು 'ವಿಶ್ವಾಸ' ಎಂಬ ಪದವನ್ನೂ ಹೆಚ್ಚಾಗಿ ಬಳಸುವ ರೂಢಿ ಬೆಳೆಯಿತು. ಎರಡರ ಹಿನ್ನೆಲೆಯೂ ಬೇರೆ. 'ವಿಶ್ವಾಸ' ಸಂಸ್ಕೃತದಿಂದ ಬಂದ ಗೌರವದ ಪದ. 'ನಂಬು' ದ್ರಾವಿಡ ಧಾತು. ಸಂತೆಯಲ್ಲಿ ಸಾಲ ಕೊಡುವವನಿಂದ ಹಿಡಿದು ಶಿವನಲ್ಲಿ ಶರಣಾಗುವವನವರೆಗೆ ಎಲ್ಲರ ಬಾಯಲ್ಲಿಯೂ ಇದ್ದ ಮಾತು. ಶರಣರು ನಂಬುಗೆ, ನಚ್ಚುಗೆಗಳನ್ನು ಭಕ್ತಿಯ ಬುನಾದಿಯ ಪದಗಳನ್ನಾಗಿ ಬಳಸಿ ಆಗಲೇ ಆರು ಶತಮಾನಗಳು ಸಂದಿದ್ದವು. ಆದುದರಿಂದ ಅನುವಾದಕನು ಆ ಪದವನ್ನು ಎತ್ತಿಕೊಂಡಾಗ ಅದು ಬರಿದಾಗಿ ಬರಲಿಲ್ಲ; ತನ್ನ ಹಿಂದಿನ ಸಂಸಾರವನ್ನೆಲ್ಲ ಕಟ್ಟಿಕೊಂಡೇ ಬಂದಿತು.

ಆ ಸಂಸಾರದಲ್ಲಿ ಒಂದು ಭಾಗ ಸುರಪುರ ಸೀಮೆಯದು. ಹಿಂದೆ ಸುರಪುರ ತಾಲೂಕಿಗೆ ಸೇರಿದ್ದ, ಈಗ ಹುಣಸಗಿ ತಾಲೂಕಿನಲ್ಲಿರುವ ಕೊಡೇಕಲ್ಲು, ಬಸವಣ್ಣನೆಂಬ ಹೆಸರಿನ ಕಾಲಜ್ಞಾನಿಯ ನೆಲೆ. ಕೊಡೇಕಲ್ಲ ಬಸವಣ್ಣನ ಪರಂಪರೆಯು ಹಿಂದೂ-ಮುಸ್ಲಿಂ ಆಚರಣೆಗಳನ್ನು ಒಟ್ಟಿಗೆ ಇಟ್ಟುಕೊಂಡು ಬಂದಿರುವುದು, ಅದರ ಗ್ರಂಥಗಳು ಅಮರಗನ್ನಡವೆಂಬ ಗೂಢಲಿಪಿಯಲ್ಲಿ ಉಳಿದಿರುವುದು ಸಂಶೋಧಕರ ಗಮನ ಸೆಳೆದಿದೆ. ಕೃಷ್ಣಾತೀರದ ತಿಂಥಣಿಯ ಮೌನೇಶ್ವರನೂ ಇದೇ ಭೂಭಾಗದವನು. ಕಾಲಜ್ಞಾನವೆಂದರೆ ಮುಂದಾಗುವುದನ್ನು ಹೇಳುವ ಮಾತು. ಕಲ್ಯಾಣ ಹಾಳಾಯಿತು, ಶರಣರು ಚದುರಿದರು, ಆದರೆ ಕಾಲ ಬಂದಾಗ ಚನ್ನಬಸವಣ್ಣನು ವೀರವಸಂತರಾಯನಾಗಿ ಮರಳುವನು, ಕಲ್ಯಾಣ ಮತ್ತೆ ಕಲ್ಯಾಣವಾಗುವುದು ಎಂಬ ನಿರೀಕ್ಷೆ ವೀರಶೈವ ಕಾಲಜ್ಞಾನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ವಿರೂಪಾಕ್ಷ ಪಂಡಿತನ ಚನ್ನಬಸವ ಪುರಾಣವು (1584) ಇದಕ್ಕೆ ಕಾವ್ಯದ ಮನ್ನಣೆಯನ್ನು ತಂದುಕೊಟ್ಟಿತು. ಕಾಲಜ್ಞಾನವನ್ನು ಕೇವಲ ಭವಿಷ್ಯವಾಣಿಯೆಂದು ತಳ್ಳಿಹಾಕುವುದು ಸರಿಯಲ್ಲ. ಸೋತವರು ತಮ್ಮ ಸೋಲನ್ನು ಕೊನೆಯ ಮಾತೆಂದು ಒಪ್ಪಿಕೊಳ್ಳದೆ ಉಳಿಯಲು ಕಂಡುಕೊಂಡ ಬಗೆ ಅದು. ಅದರ ಕೇಳುಗರು ಶತಮಾನಗಳ ಕಾಲ ಕಾಣದ ಅರಸನನ್ನು ಕಾಯುತ್ತ ಬಂದವರು.

ಬಾಸೆಲ್ ಮಿಷನ್ನಿನ ಜರ್ಮನ್ ಮಿಷನರಿಗಳಿಗೆ ಇಂಥ ಜನರ ಪರಿಚಯವಾದುದು ಧಾರವಾಡ ಪ್ರಾಂತ್ಯದಲ್ಲಿ. 1834ರಲ್ಲಿ ಮಂಗಳೂರಿಗೆ ಬಂದ ಈ ಸಂಸ್ಥೆ 1837ರಲ್ಲಿ ಧಾರವಾಡದಲ್ಲಿಯೂ 1839ರಲ್ಲಿ ಹುಬ್ಬಳ್ಳಿಯಲ್ಲಿಯೂ ಠಾಣೆಗಳನ್ನು ಸ್ಥಾಪಿಸಿತು. 1836ರ ಕೊನೆಯಲ್ಲಿ ಬಂದಿಳಿದ ಹರ್ಮನ್ ಮೋಗ್ಲಿಂಗ್ ಆಗ ಮೂವತ್ತು ತುಂಬದ ತರುಣ; ಜನರ ಮಾತನ್ನು ಬೇಗ ಕಲಿತನು, ಅಷ್ಟೇ ಬೇಗ ಆಸೆಯನ್ನೂ ಕಟ್ಟಿಕೊಂಡನು. 1839-40ರ ಸುಮಾರಿಗೆ ಕಾಲಜ್ಞಾನವನ್ನು ನಂಬಿದ ಕೆಲವು ಗುಂಪಿನ ಜನ ಮಿಷನರಿಗಳನ್ನು ಹುಡುಕಿಕೊಂಡು ಬಂದರು. ತಮ್ಮ ಗ್ರಂಥಗಳಲ್ಲಿ ಹೇಳಿದ ಕಾಲ ಸಮೀಪಿಸಿದೆಯೆಂದೂ ಪಡುವಲಿಂದ ಬಂದ ಈ ಗುರುಗಳು ಅದರ ಗುರುತಾಗಿರಬಹುದೆಂದೂ ಅವರಿಗೆ ತೋರಿತು. ಮಿಷನರಿಗಳಿಗಾದರೋ ಈ ಜನರೇ ಗುರುತಾಗಿ ಕಂಡರು. ಮೂರ್ತಿಪೂಜೆಯಿಂದ ದೂರವಿದ್ದು, ಬರಲಿರುವ ಒಬ್ಬ ಅರಸನನ್ನು ಕಾಯುತ್ತಿದ್ದ ಈ ಸಮುದಾಯವನ್ನು ದೇವರೇ ಸುವಾರ್ತೆಗಾಗಿ ಹದಮಾಡಿ ಇಟ್ಟಿದ್ದಾನೆಂದು ಮೋಗ್ಲಿಂಗ್ ತಿಳಿದನು. ಒಬ್ಬರಿಗೊಬ್ಬರು ಪ್ರಮಾಣವಾದರು. ಎರಡೂ ಕಡೆಯವರು ತಮ್ಮ ತಮ್ಮ ಪುಸ್ತಕವನ್ನು ಇನ್ನೊಬ್ಬರ ಮುಖದಲ್ಲಿ ಓದಿದರು.

ಇದರ ಫಲವೇ ಗದಗ-ಬೆಟಗೇರಿಯ ಸಮೀಪದ ಮಾಲಸಮುದ್ರದ ವಸಾಹತು. ಕಾಲಜ್ಞಾನಿಗಳು ತಮ್ಮ ಊರುಗಳಲ್ಲಿಯೇ ಇದ್ದು ದೀಕ್ಷಾಸ್ನಾನ ಪಡೆದರೆ ಜಾತಿಬಹಿಷ್ಕಾರಕ್ಕೆ ಗುರಿಯಾಗುವುದು ಖಚಿತವಿತ್ತು. ಅವರಿಗೆ ನೆಲ ಬೇಕು, ನೆರಳು ಬೇಕು. ಒಂದು ಹೊಸ ಊರನ್ನೇ ಕಟ್ಟಿದರೆ ಸಾವಿರಗಟ್ಟಲೆ ಜನ ಬಂದು ನೆಲೆಸುವರೆಂಬ ಲೆಕ್ಕದಲ್ಲಿ 1841ರಲ್ಲಿ ಕೆಲಸ ಆರಂಭವಾಯಿತು. ಬೆಟಗೇರಿಯಲ್ಲಿಯೂ ಅದೇ ವರ್ಷ ಠಾಣೆ ಏರ್ಪಟ್ಟಿತು. ಬೇಸಾಯದ ಊರು, ಚರ್ಚು, ಶಾಲೆ ಎಲ್ಲವೂ ಯೋಜನೆಯಲ್ಲಿದ್ದವು. ಬರಬೇಕಾದ ಜನ ಮಾತ್ರ ಬರಲಿಲ್ಲ. ಬಂದ ಕೆಲವರು ಉಳಿಯಲಿಲ್ಲ. ಕಾಲಜ್ಞಾನಿಗಳ ಕಡೆಯಿಂದ ನೋಡಿದರೆ ಇದರಲ್ಲಿ ಮೋಸವೇನೂ ಇರಲಿಲ್ಲ: ಅವರು ಕಾಯುತ್ತಿದ್ದುದು ಕಲ್ಯಾಣದ ಅರಸನನ್ನು, ಅವರೆದುರು ಇಟ್ಟದ್ದು ತಮ್ಮ ಗುರುಪರಂಪರೆಯನ್ನು, ಬಂಧುಬಳಗವನ್ನು ಬಿಟ್ಟು ಬರಬೇಕೆಂಬ ಷರತ್ತು. ಗುರುತು ತಪ್ಪಾಗಿ ಓದಿದೆವೆಂದು ತಿಳಿದು ಅವರು ಹಿಂದೆ ಸರಿದರು, ಕಾಯುವುದನ್ನು ಬಿಡಲಿಲ್ಲ. ಮಿಷನರಿಗಳು ಹಾಗೆ ಸುಲಭವಾಗಿ ಹಿಂದೆ ಸರಿಯುವಂತಿರಲಿಲ್ಲ. ಬಾಸೆಲ್ಲಿಗೆ ಬರೆದ ಪತ್ರಗಳು, ಸಂಗ್ರಹವಾದ ಹಣ, ನೆಟ್ಟ ಆಸೆ ಎಲ್ಲಕ್ಕೂ ಉತ್ತರ ಕೊಡಬೇಕಾಗಿತ್ತು.

ಮಾಲಸಮುದ್ರದ ವಿಫಲತೆಯನ್ನು ಮಿಷನ್ ಇತಿಹಾಸದಲ್ಲಿ ಆಡಳಿತದ ತಪ್ಪಾಗಿ ಕಾಣುವುದುಂಟು. ಅದು ಅದಕ್ಕಿಂತ ಆಳವಾದುದು. ನಂಬಿಕೆಯು ಕಾಣದುದಕ್ಕೆ ಸಂಬಂಧಿಸಿದ್ದೆಂದು ಬೋಧಿಸುತ್ತಿದ್ದವರು ತಾವೇ ಕಾಣುವ ಗುರುತನ್ನು ನೆಚ್ಚಿಕೊಂಡಿದ್ದರು. ಈ ಇಬ್ಬಗೆ ಅವರ ಬರಹಗಳಲ್ಲಿಯೂ ಕಾಣುತ್ತದೆ. ಬಾಸೆಲ್ ಮಿಷನ್ನಿನ ಮುದ್ರಣಾಲಯದಿಂದ ಹೊರಬಂದ ಪ್ರಸಿದ್ಧ ಪುಸ್ತಿಕೆಗಳ ಹೆಸರು 'ಜಾತಿ ವಿಚಾರಣೆ', 'ದೇವ ವಿಚಾರಣೆ'. 'ವಿಚಾರಣೆ' ಕಚೇರಿಯ ಪದ. ಆರೋಪಿಯನ್ನು ಎದುರಿಗೆ ನಿಲ್ಲಿಸಿ ಸಾಕ್ಷಿ ಕೇಳುವ ಕ್ರಮ. ನಾಡಿನ ದೇವರುಗಳನ್ನು, ಪುರಾಣಗಳನ್ನು ಈ ಕಟಕಟೆಯಲ್ಲಿ ನಿಲ್ಲಿಸಿ ಪುರಾವೆ ಕೇಳಲಾಯಿತು. ಅದೇ ಲೇಖಕರು ತಮ್ಮ ದೇವರ ವಿಷಯಕ್ಕೆ ಬಂದಾಗ ಪುರಾವೆಯನ್ನು ಮೀರಿದ ನಂಬಿಕೆಯನ್ನು ಬೇಡಿದರು. ಕನ್ನಡದ ಓದುಗರಿಗೆ ಈ ಎರಡು ಅಳತೆಗೋಲುಗಳು ಗೋಚರಿಸದೆ ಇರಲಿಲ್ಲ. ಪುಸ್ತಿಕೆಗಳ ಭಾಷೆ ಕನ್ನಡ ಗದ್ಯಕ್ಕೆ ಮಾಡಿದ ಉಪಕಾರ ದೊಡ್ಡದಾದರೂ ಅವುಗಳ ವಾದ ಯಾರನ್ನಾದರೂ ಗೆದ್ದಿತೆಂದು ಹೇಳುವುದು ಕಷ್ಟ.

ಮಾಲಸಮುದ್ರದ ನಂತರದ ಮೋಗ್ಲಿಂಗನು ಬೇರೆಯೇ ಮನುಷ್ಯ. ಅವನು ಮಂಗಳೂರಿನಲ್ಲಿ ಪಾಠಶಾಲೆಯ ಕೆಲಸಕ್ಕೆ ತಿರುಗಿದನು; 1843ರ ಜುಲೈ 1ರಂದು 'ಮಂಗಳೂರ ಸಮಾಚಾರ'ವನ್ನು ಆರಂಭಿಸಿದನು; 1848ರಿಂದ ನಿವೃತ್ತ ನ್ಯಾಯಾಧೀಶ ಕ್ಯಾಸಮೇಜರನ ನೆರವಿನಿಂದ 'ಬಿಬ್ಲಿಯೋಥೆಕಾ ಕರ್ನಾಟಿಕಾ' ಮಾಲೆಯಲ್ಲಿ ಪ್ರಾಚೀನ ಕನ್ನಡ ಕೃತಿಗಳನ್ನು ಕಲ್ಲಚ್ಚಿನಲ್ಲಿ ಪ್ರಕಟಿಸಿದನು. ದೊಡ್ಡ ಸಂಖ್ಯೆಯ ಕನಸು ಹೋಗಿ ಒಬ್ಬೊಬ್ಬರೊಡನೆ ಬಾಳುವ ಕ್ರಮ ಬಂದಿತು. 1844ರಲ್ಲಿ ದೀಕ್ಷಾಸ್ನಾನ ಪಡೆದ ಆನಂದರಾವ್ ಕೌಂಡಿನ್ಯನೊಡನೆ ಅವನಿಗಿದ್ದ ಸ್ನೇಹ ಕೊನೆಯವರೆಗೂ ಉಳಿಯಿತು. 1860ರಲ್ಲಿ ಮೋಗ್ಲಿಂಗ್ ಜರ್ಮನಿಗೆ ಮರಳಿದನು, 1881ರಲ್ಲಿ ತೀರಿಕೊಂಡನು. ಮತಾಂತರದ ಲೆಕ್ಕದಲ್ಲಿ ಅವನ ಇಪ್ಪತ್ತನಾಲ್ಕು ವರ್ಷಗಳಿಗೆ ತೋರಿಸಬಹುದಾದುದು ಕಡಿಮೆ. ಕಾಲಜ್ಞಾನಕ್ಕೆ ಸಂಬಂಧಿಸಿದ ವೀರಶೈವ ಪುರಾಣಗಳನ್ನು ಅದೇ ಮಿಷನ್ನಿನ ವುರ್ಥ್ 1860ರ ದಶಕದಲ್ಲಿ ಇಂಗ್ಲಿಷಿಗೆ ಸಂಗ್ರಹಾನುವಾದ ಮಾಡಿದ್ದನ್ನು ಇಲ್ಲಿಯೇ ನೆನೆಯಬಹುದು. ಮೊದಲು ಪ್ರಮಾಣವಾಗಿ ಹಿಡಿದ ಗ್ರಂಥವನ್ನು ಮುಂದಿನ ತಲೆಮಾರು ಓದಬೇಕಾದ ಗ್ರಂಥವಾಗಿ ಕಂಡಿತು.

ಫರ್ಡಿನಾಂಡ್ ಕಿಟ್ಟೆಲ್ 1853ರಲ್ಲಿ ಬಂದಾಗ ಈ ಹಿನ್ನೆಲೆ ಸಿದ್ಧವಾಗಿತ್ತು. ಅವನ ಹೆಸರು ನಿಘಂಟಿನೊಡನೆ ಎಷ್ಟು ಬೆಸೆದಿದೆಯೆಂದರೆ ಅವನು ಬೋಧಕನಾಗಿ ಬಂದವನೆಂಬುದೇ ಮರೆತುಹೋಗುವಂತಿದೆ. ಸಹೋದ್ಯೋಗಿಗಳೊಡನೆ ಅವನಿಗೆ ಹೊಂದಿಕೆಯಾಗಲಿಲ್ಲ. ಮಿಷನ್ನಿನ ಮುಖ್ಯ ಕೆಲಸದಿಂದ ಅವನನ್ನು ಬದಿಗೆ ಸರಿಸಿದಂತೆಯೇ ಇತ್ತು. ಕ್ರಿಸ್ತನ ಕಥೆಯನ್ನು ಕನ್ನಡದ ಛಂದಸ್ಸಿನಲ್ಲಿ ಹಾಡಬೇಕೆಂದು ಬರೆದ 'ಕಥಾಮಾಲೆ' 1862ರಲ್ಲಿ ಪ್ರಕಟವಾಯಿತು. ಎರಡು ವರ್ಷಗಳ ನಂತರ, 1864ರಲ್ಲಿ, ಹೆಂಡತಿ ತೀರಿಕೊಂಡಳು. 1872ರಲ್ಲಿ 'ಶಬ್ದಮಣಿದರ್ಪಣ'ವನ್ನೂ 1875ರಲ್ಲಿ 'ಛಂದೋಂಬುಧಿ'ಯನ್ನೂ ಸಂಪಾದಿಸಿದನು. ನಡುವೆ ಜರ್ಮನಿಗೆ ಹೋಗಿ, 1883ರಲ್ಲಿ ಐವತ್ತು ದಾಟಿದ ವಯಸ್ಸಿನಲ್ಲಿ ಮತ್ತೆ ಬಂದು, ಸುಮಾರು 70,000 ಪದಗಳ ಕನ್ನಡ-ಇಂಗ್ಲಿಷ್ ನಿಘಂಟನ್ನು 1894ರಲ್ಲಿ ಹೊರತಂದನು. ಆ ನಿಘಂಟಿನ ಕ್ರಮವನ್ನು ಇಲ್ಲಿ ಸ್ವಲ್ಪ ಗಮನಿಸಬೇಕು. ಪದಕ್ಕೆ ಅರ್ಥ ಹೇಳಿ ಮುಂದೆ ಹೋಗುವುದಿಲ್ಲ. ಆ ಅರ್ಥ ಎಲ್ಲಿ ದೊರೆಯಿತು, ಯಾವ ಕೃತಿಯಲ್ಲಿ, ಯಾವ ಗಾದೆಯಲ್ಲಿ, ಯಾವ ಭಾಗದ ಆಡುನುಡಿಯಲ್ಲಿ ಎಂಬ ಸಾಕ್ಷಿಯನ್ನು ಸಂಕೇತಾಕ್ಷರದಲ್ಲಿ ಕೊಡುತ್ತದೆ. ದೇವರ ವಿಷಯದಲ್ಲಿ ಸಾಕ್ಷಿಯಿಲ್ಲದೆ ನಂಬಿದವನು ಕನ್ನಡ ಪದಗಳ ವಿಷಯದಲ್ಲಿ ಸಾಕ್ಷಿಯಿಲ್ಲದೆ ಒಂದನ್ನೂ ಒಪ್ಪಲಿಲ್ಲ. ಇದನ್ನು ವಿರೋಧಾಭಾಸವೆಂದು ತಿಳಿಯಬೇಕಾಗಿಲ್ಲ. ಯಾವುದಕ್ಕೆ ರುಜುವಾತು ಕೇಳಬೇಕು, ಯಾವುದಕ್ಕೆ ಕೇಳಬಾರದು ಎಂಬ ಗೆರೆಯನ್ನು ಮಾಲಸಮುದ್ರದವರು ಎಳೆದಿರಲಿಲ್ಲ. ಕಿಟ್ಟೆಲನ ಬಾಳುವೆಯಲ್ಲಿ ಅದು ಸ್ಪಷ್ಟವಾಗಿದೆ.

ಧಾರವಾಡ ಪ್ರಾಂತ್ಯ ಬ್ರಿಟಿಷರ ಆಳ್ವಿಕೆಯದು. ಯಾದಗಿರಿ ಸೀಮೆ ನಿಜಾಮ ಸಂಸ್ಥಾನಕ್ಕೆ ಸೇರಿತ್ತು. ಸುರಪುರದ ನಾಯಕ ಸಂಸ್ಥಾನವೂ 1858ರ ಬಂಡಾಯದ ನಂತರ ಅದರಲ್ಲಿಯೇ ಲೀನವಾಯಿತು. ಇಲ್ಲಿ ಕ್ರೈಸ್ತಧರ್ಮ ಬಂದ ದಾರಿ ಬೇರೆ. ಮುದಗಲ್ಲಿನಂಥ ಕಡೆ ಆದಿಲಶಾಹಿಯ ಕಾಲಕ್ಕೆ ಹೋಗುವ ಕಥೋಲಿಕ ಸಮುದಾಯಗಳಿದ್ದುದು ನಿಜ. ಆದರೆ ಭೀಮೆಯ ಪೂರ್ವದ ಹಳ್ಳಿಗಳಿಗೆ ಪ್ರಾಟೆಸ್ಟಂಟರನ್ನು ತಂದದ್ದು ರೈಲುಮಾರ್ಗ. ಮುಂಬಯಿಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯೂ ಮದ್ರಾಸ್ ರೈಲ್ವೆಯೂ 1871ರಲ್ಲಿ ರಾಯಚೂರಿನಲ್ಲಿ ಕೂಡಿದವು. ವಾಡಿ, ಯಾದಗಿರಿ, ಸೈದಾಪುರಗಳ ಮೇಲೆ ಹಾದುಹೋಗುವ ಈ ಮಾರ್ಗ ಕಡೇಚೂರಿನ ಆಸುಪಾಸಿನ ಊರುಗಳನ್ನು ಎರಡು ಮಹಾನಗರಗಳಿಗೆ ಜೋಡಿಸಿತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮನ ರೈಲು ಓಡಿತು.

ಅಮೆರಿಕದ ಮೆಥೋಡಿಸ್ಟ್ ಬೋಧಕ ವಿಲಿಯಂ ಟೇಲರ್ ಭಾರತಕ್ಕೆ ಬಂದುದು 1870ರಲ್ಲಿ. ಮುಂಬಯಿ, ಮದ್ರಾಸು, ಬೆಂಗಳೂರುಗಳಲ್ಲಿ ಅವನು ಕಟ್ಟಿದ ಸಭೆಗಳಲ್ಲಿ ರೈಲ್ವೆ ನೌಕರರು, ಆಂಗ್ಲೋ-ಇಂಡಿಯನ್ನರು ದೊಡ್ಡ ಸಂಖ್ಯೆಯಲ್ಲಿದ್ದರು. ಅವೆಲ್ಲ ಸೇರಿ 1876ರಲ್ಲಿ ದಕ್ಷಿಣ ಭಾರತ ಕಾನ್ಫರೆನ್ಸ್ ರೂಪುಗೊಂಡಿತು. ಅವನ ನಿಯಮ ಒಂದು: ಮಿಷನರಿಯು ಸ್ವದೇಶದ ಮಂಡಳಿಯ ಸಂಬಳವನ್ನು ನೆಚ್ಚಬಾರದು. ದೇವರು ಕಳಿಸಿದ್ದರೆ ದೇವರೇ ಒದಗಿಸುತ್ತಾನೆ. ಸ್ಥಳೀಯ ಸಭೆಯೇ ಬೋಧಕನನ್ನು ಸಾಕಬೇಕು. ಮುಂಬಯಿಯಲ್ಲಿ ಅವನೊಡನೆ ಸೇರಿದ ಜಾರ್ಜ್ ಬೋವೆನ್ ಈ ನಿಯಮವನ್ನು ಅದಕ್ಕೂ ಮೊದಲೇ ಪಾಲಿಸುತ್ತಿದ್ದವನು. 1848ರಲ್ಲಿ ಬಂದ ಅವನು ಸಂಬಳವನ್ನು ಬಿಟ್ಟು, ಪೇಟೆಯ ನಡುವೆ ಸಣ್ಣ ಕೋಣೆಯಲ್ಲಿ ನಾಲ್ಕು ದಶಕಗಳ ಕಾಲ ಬಾಳಿದನು. ಕಾಣದುದನ್ನು ನಂಬುವುದು ಇಲ್ಲಿ ತಿಂಗಳ ಖರ್ಚಿನ ವಿಷಯವಾಯಿತು. ಈ ನಿಯಮವೂ ಕೊನೆಯವರೆಗೆ ನಿಲ್ಲಲಿಲ್ಲ. ರೈಲ್ವೆ ವಸತಿಗಳನ್ನು ಬಿಟ್ಟು ಕನ್ನಡ, ತೆಲುಗು ಹಳ್ಳಿಗಳಿಗೆ ಕೆಲಸ ವಿಸ್ತರಿಸಿದಾಗ, ತಾವೇ ಒಪ್ಪೊತ್ತು ಉಣ್ಣುತ್ತಿದ್ದ ಜನರಿಂದ ಬೋಧಕನ ಜೀವನ ನಡೆಯುವಂತಿರಲಿಲ್ಲ. ಅಮೆರಿಕದ ಮಂಡಳಿಯ ಹಣ ಬಂದೇ ಬಂದಿತು. ಯಾದಗಿರಿಯ ಮೆಥೋಡಿಸ್ಟ್ ಆಸ್ಪತ್ರೆಗೆ ಬಂದ 'ಹೋಲ್‌ಸ್ಟನ್' ಎಂಬ ಹೆಸರು ಟೆನೆಸ್ಸಿಯ ಕಡೆಯ ಒಂದು ಮೆಥೋಡಿಸ್ಟ್ ಕಾನ್ಫರೆನ್ಸಿನದೆಂಬುದು ಈ ಬದಲಾವಣೆಗೆ ಗುರುತು. ಯಾದಗಿರಿಯಲ್ಲಿ ಆ ಹೆಸರನ್ನು ಉಚ್ಚರಿಸಿದ ರೋಗಿಗಳಲ್ಲಿ ಅದು ಒಂದು ನದಿಯ ಹೆಸರೆಂದು ಬಲ್ಲವರು ಎಷ್ಟು ಮಂದಿಯೋ.

ನಿಜಾಮ ಸಂಸ್ಥಾನದ ಹಳ್ಳಿಗಳಲ್ಲಿ ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ದೀಕ್ಷಾಸ್ನಾನ ಪಡೆದವರು ಬಹುಮಟ್ಟಿಗೆ ಅಸ್ಪೃಶ್ಯರೆನಿಸಿಕೊಂಡಿದ್ದ ಸಮುದಾಯಗಳವರು. ಅವರು ಒಬ್ಬೊಬ್ಬರಾಗಿ ಬರದೆ ಕೇರಿಕೇರಿಯಾಗಿ ಬಂದರು. ಇವರ ನಂಬಿಕೆ ನಿಜವೇ, ಅಥವಾ ಹೊಟ್ಟೆಪಾಡೇ ಎಂಬ ಪ್ರಶ್ನೆಯನ್ನು ಹೊರಗಿನವರೂ ಕೇಳಿದರು, ಒಳಗಿನವರೂ ಕೇಳಿದರು. ಮೆಥೋಡಿಸ್ಟರದೇ ಆದ ವ್ಯಾಸ್ಕಮ್ ಪಿಕೆಟ್ ಇಂಥ ಸಾಮೂಹಿಕ ಚಳುವಳಿಗಳನ್ನು ಭಾರತದ ಹಲವು ಭಾಗಗಳಲ್ಲಿ ಪರಿಶೀಲಿಸಿ 1933ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಜನ ಯಾವ ಕಾರಣಕ್ಕೆ ಬಂದರೆಂಬುದಕ್ಕಿಂತ ಬಂದ ಮೇಲೆ ಅವರಿಗೆ ಎಂಥ ಶಿಕ್ಷಣ ದೊರೆಯಿತೆಂಬುದೇ ಹೆಚ್ಚು ಮುಖ್ಯವೆಂದು ಕಂಡುಕೊಂಡನು. ಈ ಪ್ರಶ್ನೆ ಕೇಳುವ ರೀತಿಯಲ್ಲಿಯೇ ಒಂದು ಅನ್ಯಾಯವಿದೆ. ಮೇಲುಜಾತಿಯ ಕೌಂಡಿನ್ಯನ ಮನಸ್ಸಿನೊಳಗಿನ ಹೊಯ್ದಾಟವನ್ನು ಮಿಷನ್ನಿನ ವರದಿಗಳು ಆದರದಿಂದ ಬರೆದಿಟ್ಟವು. ಕೇರಿಯವರ ಮನಸ್ಸಿಗೆ ಅಂಥ ದಾಖಲೆ ದೊರೆಯಲಿಲ್ಲ. ಅವರ ನಂಬಿಕೆಗೆ ಸಾಕ್ಷ್ಯವಿಲ್ಲವೆಂದರೆ ಬರೆದಿಡುವವರು ಇರಲಿಲ್ಲವೆಂದು ಮಾತ್ರ ಅರ್ಥ. ಬಾವಿಯ ನೀರಿಗೆ, ಗುಡಿಯ ಮೆಟ್ಟಿಲಿಗೆ ಹೊರಗಾದ ಮನುಷ್ಯನು ತಾನೂ ದೇವರ ಮಗುವೆಂದು ಒಪ್ಪಿಕೊಳ್ಳುವಾಗ ಅವನ ಸುತ್ತಲಿನ ಪ್ರಪಂಚದಲ್ಲಿ ಅದಕ್ಕೆ ಒಂದಾದರೂ ಪುರಾವೆ ಇದ್ದಿರಲಾರದು. ಇಬ್ರಿಯರ ಪತ್ರಿಕೆಯ ವ್ಯಾಖ್ಯೆಗೆ ಈ ಸೀಮೆಯಲ್ಲಿ ಇದಕ್ಕಿಂತ ಹತ್ತಿರದ ನಿದರ್ಶನ ದೊರೆಯುವುದು ಕಷ್ಟ.

ಧಾರವಾಡದ ಕಡೆಯ ಸಭೆಗಳಿಗೆ ಪರೀಕ್ಷೆ 1914ರಲ್ಲಿ ಬಂದಿತು. ಮೊದಲ ಮಹಾಯುದ್ಧದ ಕಾಲದಲ್ಲಿ ಬಾಸೆಲ್ ಮಿಷನ್ನಿನ ಜರ್ಮನರನ್ನು ಶತ್ರುದೇಶದವರೆಂದು ಬಂಧನದಲ್ಲಿಟ್ಟು ಕೊನೆಗೆ ದೇಶದಿಂದ ಕಳುಹಿಸಲಾಯಿತು. ಹೆಂಚು, ನೇಯ್ಗೆಯ ಕಾರ್ಖಾನೆಗಳು ಮಿಷನ್ನಿನ ಕೈತಪ್ಪಿದವು. ಎಂಟು ದಶಕಗಳ ಕಾಲ ಸಂಬಳ, ಉದ್ಯೋಗ, ಮಾರ್ಗದರ್ಶನಗಳ ರೂಪದಲ್ಲಿ ಕಣ್ಣಿಗೆ ಕಾಣುತ್ತಿದ್ದ ಆಧಾರ ಒಮ್ಮೆಗೇ ಕುಸಿಯಿತು. ಸಭೆಗಳು ಮಾತ್ರ ಉಳಿದವು. ಈ ಕಾಲದ ದೇಶೀಯ ಪಾದ್ರಿಗಳಲ್ಲಿ ಎಲ್ಲರಿಗಿಂತ ಎದ್ದು ಕಾಣುವವರು ಉತ್ತಂಗಿ ಚನ್ನಪ್ಪನವರು.

ಬಳ್ಳಾರಿ ಜಿಲ್ಲೆಗೆ ಸೇರಿದ್ದ ಹಡಗಲಿ ತಾಲೂಕಿನ ಉತ್ತಂಗಿಯಲ್ಲಿ 1881ರಲ್ಲಿ ಹುಟ್ಟಿದ ಚನ್ನಪ್ಪನವರು ಬಾಸೆಲ್ ಮಿಷನ್ನಿನ ಶಾಲೆಯಲ್ಲಿ ಓದಿ, ಮಂಗಳೂರಿನಲ್ಲಿ ದೇವಜ್ಞಾನದ ಶಿಕ್ಷಣ ಪಡೆದು ಪಾದ್ರಿಯಾದರು. 1921ರಲ್ಲಿ ಅವರು ಬರೆದ ಗ್ರಂಥದ ಹೆಸರು 'ಬನಾರಸಕ್ಕೆ ಬೆತ್ಲೆಹೇಮದ ವಿನಂತಿ'. ಹಿಂದಿನವರ 'ವಿಚಾರಣೆ' ಇಲ್ಲಿ 'ವಿನಂತಿ'ಯಾಗಿದೆ. ಒಂದು ಪದದ ಈ ಬದಲಾವಣೆಯಲ್ಲಿ ಮುಕ್ಕಾಲು ಶತಮಾನದ ಕ್ರೈಸ್ತ ಚಿಂತನೆಯ ತಿರುವು ಅಡಗಿದೆಯೆಂದರೆ ಅತಿಶಯೋಕ್ತಿಯಾಗದು. ಸಾಕ್ಷ್ಯ ತನ್ನ ಕೈಯಲ್ಲಿದೆಯೆಂದು ತಿಳಿದವನು ವಿಚಾರಣೆ ನಡೆಸುತ್ತಾನೆ. ತನ್ನ ನಂಬಿಕೆ ಕಾಣದುದರ ಮೇಲೆ ನಿಂತಿದೆಯೆಂದು ಬಲ್ಲವನು ವಿನಂತಿ ಮಾಡಬಲ್ಲನು, ಅಷ್ಟೆ. ಮೂರು ವರ್ಷಗಳ ನಂತರ, 1924ರಲ್ಲಿ, ಊರೂರು ಅಲೆದು ಸಂಗ್ರಹಿಸಿದ ಸರ್ವಜ್ಞನ ವಚನಗಳನ್ನು ಅವರು ಪ್ರಕಟಿಸಿದರು. ಸುಮಾರು ಎರಡು ಸಾವಿರ ತ್ರಿಪದಿಗಳ ಆ ಸಂಗ್ರಹದಲ್ಲಿ ಓಲೆಗರಿಗಳಷ್ಟೇ ಜನರ ಬಾಯಿಮಾತೂ ಆಧಾರವಾಯಿತು. ಪಾದ್ರಿಯೊಬ್ಬ ಸರ್ವಜ್ಞನಿಗಾಗಿ ಅಲೆಯುವುದನ್ನು ಕಂಡು ಸ್ವಮತೀಯರು ಹುಬ್ಬೇರಿಸಿದ್ದು ಸಹಜವೇ ಆಗಿತ್ತು.

ಉತ್ತಂಗಿಯವರು ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದುದು ಕಲಬುರಗಿಯಲ್ಲಿ, 1949ರಲ್ಲಿ. ಹೈದರಾಬಾದ್ ಸಂಸ್ಥಾನವು 1948ರ ಸೆಪ್ಟೆಂಬರಿನಲ್ಲಿ ಭಾರತದ ಒಕ್ಕೂಟಕ್ಕೆ ಸೇರಿ ಇನ್ನೂ ಹೆಚ್ಚು ಕಾಲ ಸಂದಿರಲಿಲ್ಲ. ಕನ್ನಡಕ್ಕೆ ಕಚೇರಿಯಲ್ಲಿಯೂ ಶಾಲೆಯಲ್ಲಿಯೂ ಎಡೆಯಿಲ್ಲದಿದ್ದ ಆ ನೆಲದಲ್ಲಿ, ಯಾದಗಿರಿ, ಶಹಾಪುರ, ಸುರಪುರಗಳು ಸೇರಿದ್ದ ಜಿಲ್ಲೆಯ ಮುಖ್ಯ ನಗರದಲ್ಲಿ, ಒಬ್ಬ ಕ್ರೈಸ್ತ ಪಾದ್ರಿ ಕನ್ನಡದ ಹೆಸರಿನಲ್ಲಿ ನಿಂತು ಮಾತನಾಡಿದರು. ಏಕೀಕರಣ ಆಗ ಕಾಣದ ವಸ್ತುವೇ ಆಗಿತ್ತು. ಅದಕ್ಕೆ 1956ರವರೆಗೆ ಕಾಯಬೇಕಾಯಿತು.

ಅದಾದ ಕೆಲಕಾಲಕ್ಕೆ ಎದ್ದ ಅನುಭವ ಮಂಟಪದ ಚರ್ಚೆ ಈ ಕಥನಕ್ಕೆ ಅನಿರೀಕ್ಷಿತವಾದ ಕೊನೆಯನ್ನು ಕೊಡುತ್ತದೆ. 'ಕರ್ಣಾಟಕ ಲಾಕುಳಶೈವರ ಇತಿಹಾಸ'ದ ಕರ್ತೃ, ಹೈದರಾಬಾದ್ ಕರ್ನಾಟಕದ ಹಿರಿಯ ಸಂಶೋಧಕ ಕಪಟರಾಳ ಕೃಷ್ಣರಾಯರು ಅನುಭವ ಮಂಟಪದ ಐತಿಹಾಸಿಕತೆಯನ್ನು ಅಲ್ಲಗಳೆದರು. ಸಮಕಾಲೀನ ಶಾಸನಗಳು ಅದರ ಬಗೆಗೆ ಮೌನವಾಗಿವೆ. ವಿವರವಾದ ಚಿತ್ರ ದೊರೆಯುವುದು ಶತಮಾನಗಳ ನಂತರದ ಶೂನ್ಯಸಂಪಾದನೆಯಂಥ ಕೃತಿಗಳಲ್ಲಿ ಎಂಬ ಆಕ್ಷೇಪ ಇತಿಹಾಸದ ಶಿಸ್ತಿನಿಂದ ನೋಡಿದರೆ ಹಗುರವಾದುದಲ್ಲ. ಉತ್ತರವಾಗಿ 'ಅನುಭವ ಮಂಟಪದ ಐತಿಹಾಸಿಕತೆ' ಎಂಬ ಗ್ರಂಥವನ್ನು ಬರೆದವರು ಉತ್ತಂಗಿ ಚನ್ನಪ್ಪನವರು. ಶರಣರ ವಚನಗಳ ಒಳಸಾಕ್ಷ್ಯವನ್ನೇ ನೆಚ್ಚಿ, ಇಷ್ಟು ಜನರ ಇಷ್ಟು ಮಾತು ಒಂದು ಕೂಡುನೆಲೆಯಿಲ್ಲದೆ ಹುಟ್ಟಿರಲಾರದೆಂಬ ದಿಕ್ಕಿನಲ್ಲಿ ಅವರ ವಾದ ಸಾಗುತ್ತದೆ. ಬಸವಣ್ಣನವರ ಐತಿಹಾಸಿಕತೆಯನ್ನೇ ಶಂಕಿಸಿದ ಕಾಲವೊಂದಿತ್ತು. 1260ರ ಅರ್ಜುನವಾಡ ಶಾಸನ ಆ ಶಂಕೆಯನ್ನು ತಗ್ಗಿಸಿತು. ಶಾಸನ ದೊರೆಯುವ ಮೊದಲೂ ಬಸವಣ್ಣನವರು ಇದ್ದೇ ಇದ್ದರಲ್ಲವೆ?

ಉತ್ತಂಗಿಯವರು ಶರಣರ ಪರವಾಗಿ ವಾದಿಸಿದ್ದನ್ನು ಅವರ ಔದಾರ್ಯವೆಂದು ಹೊಗಳುವುದು ರೂಢಿ. ಅದು ಔದಾರ್ಯ ಮಾತ್ರವಾಗಿರಲಾರದು. ಅವರ ಸ್ವಂತ ಸಭೆಯ ಪರಂಪರೆಯಲ್ಲಿ ಭಾರತಕ್ಕೆ ಬಂದನೆನ್ನಲಾದ ಮೊದಲ ಅಪೊಸ್ತಲ ತೋಮ. ಎದ್ದುಬಂದ ಕ್ರಿಸ್ತನ ಗಾಯವನ್ನು ಮುಟ್ಟದೆ ನಂಬಲಾರೆನೆಂದ ಶಿಷ್ಯ. ಅವನು ಕ್ರಿ.ಶ. 52ರಲ್ಲಿ ಕೇರಳಕ್ಕೆ ಬಂದನೆಂಬುದಕ್ಕೆ ಪರಂಪರೆಯ ಹೇಳಿಕೆಯಿದೆ, ಶಾಸನವಿಲ್ಲ. ಅಲ್ಲಿನ ಕ್ರೈಸ್ತರ ಪ್ರಾಚೀನ ದಾಖಲೆಯಾದ ಕೊಲ್ಲಂ ತಾಮ್ರಪಟ 849ರದು. ಮುಟ್ಟಿ ನೋಡಬೇಕೆಂದವನ ಬರವಿಗೇ ಮುಟ್ಟಿ ನೋಡುವ ಸಾಕ್ಷ್ಯವಿಲ್ಲ. ಇಂಥ ಪರಂಪರೆಯಲ್ಲಿ ಬೆಳೆದ ಪಾದ್ರಿಗೆ ಸಾಕ್ಷ್ಯದ ಕೊರತೆಯೂ ಇಲ್ಲದಿರುವಿಕೆಯೂ ಒಂದೇ ಅಲ್ಲವೆಂಬುದು ಪುಸ್ತಕದಿಂದ ಕಲಿಯಬೇಕಾದ ಪಾಠವಾಗಿರಲಿಲ್ಲ. ಹಾಗೆಂದು ಅವರು 'ನಂಬಿರಿ' ಎಂದು ಕೇಳಿ ಸುಮ್ಮನಾಗಲಿಲ್ಲ. ವಚನದ ಪಾಠಗಳನ್ನು ಎದುರಿಗಿಟ್ಟು ವಾದ ಹೂಡಿದರು. ನಂಬಿಕೆಗೆ ಸಲ್ಲುವುದನ್ನು ನಂಬಿಕೆಗೆ, ಸಂಶೋಧನೆಗೆ ಸಲ್ಲುವುದನ್ನು ಸಂಶೋಧನೆಗೆ ಕೊಟ್ಟರು.

ನೂರ ಹತ್ತು ವರ್ಷಗಳ ಹಿಂದೆ ಕಾಲಜ್ಞಾನಿಗಳು ಕಲ್ಯಾಣದ ಮರುಹುಟ್ಟನ್ನು ನಿರೀಕ್ಷಿಸುತ್ತ ಬಾಸೆಲ್ ಮಿಷನ್ನಿನ ಬಾಗಿಲಿಗೆ ಬಂದಿದ್ದರು. ಅವರ ಕಲ್ಯಾಣ ಯಾವುದೆಂದು ಮಿಷನರಿಗಳು ಅಂದು ಕೇಳಲಿಲ್ಲ. ಅದೇ ಮಿಷನ್ನಿನ ಒಬ್ಬ ಕನ್ನಡ ಪಾದ್ರಿ, ಇಳಿವಯಸ್ಸಿನಲ್ಲಿ, ಆ ಕಲ್ಯಾಣ ಒಮ್ಮೆ ಇದ್ದುದು ನಿಜವೆಂದು ತೋರಿಸಲು ಓಲೆಗರಿಗಳ ಮುಂದೆ ಕುಳಿತನು. ಉತ್ತಂಗಿ ಚನ್ನಪ್ಪನವರು ತೀರಿಕೊಂಡದ್ದು 1962ರಲ್ಲಿ. ಆ ಚರ್ಚೆ ಅಂದಿಗೆ ಮುಗಿದಿರಲಿಲ್ಲ.